ಕಾಫಿ ಚೀಲದ ಮೊದಲ ದಾಖಲೆ

ಭಾರತದಲ್ಲಿ ಬೆಳೆಯುವ ಕಾಫಿಯ ಸುಮಾರು ಶೇ 70ರಷ್ಟು ಪಾಲು ಕರ್ನಾಟಕದ್ದು. ಅದರಲ್ಲಿ ಹೆಚ್ಚಿನದು ಹೊರದೇಶಗಳಿಗೆ ರಫ್ತಾಗುತ್ತದೆ. ಆದರೆ ಕೊಡಗು, ಚಿಕ್ಕಮಗಳೂರು ಅಥವಾ ಹಾಸನದ ಸಣ್ಣ ಬೆಳೆಗಾರನ ಕಣದಿಂದ ಹೊರಟ ಚೀಲವು ಊರಿನ ವ್ಯಾಪಾರಿ, ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ರಫ್ತುದಾರ ಹೀಗೆ ಹಲವು ಕೈಗಳನ್ನು ದಾಟಿ ಇಟಲಿಯನ್ನೋ ಜರ್ಮನಿಯನ್ನೋ ಸೇರುವಷ್ಟರಲ್ಲಿ, ಅದು ಯಾರ ತೋಟದ ಫಸಲೆಂಬ ಗುರುತೇ ಉಳಿದಿರುವುದಿಲ್ಲ. ಈ ಗುರುತನ್ನು ಕಾಪಾಡಿ, ಬೆಳೆಗಾರನಿಗೆ ನ್ಯಾಯವಾದ ಬೆಲೆ ದೊರಕಿಸುವ ಉದ್ದೇಶದಿಂದ ಕಾಫಿ ಮಂಡಳಿಯು 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು.

ಒಂದೇ ಕಚೇರಿಯ ಕಪಾಟಿನಲ್ಲಿರದೆ, ವ್ಯವಹಾರದಲ್ಲಿ ಪಾಲ್ಗೊಂಡ ಎಲ್ಲರ ಬಳಿಯೂ ಏಕಕಾಲಕ್ಕೆ ಇರುವ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್. ಇದರ ಪ್ರತಿಯೊಂದು ಪುಟವೂ ಹಿಂದಿನ ಪುಟದ ಒಟ್ಟು ಸಾರವನ್ನು ಸಂಕೇತವಾಗಿ ಹೊತ್ತಿರುವುದರಿಂದ, ಹಳೆಯ ನಮೂದನ್ನು ಯಾರಾದರೂ ಗುಟ್ಟಾಗಿ ತಿದ್ದಿದರೆ ಮುಂದಿನ ಪುಟಗಳೆಲ್ಲ ತಾಳೆಯಾಗದೆ ತಿದ್ದುಪಡಿ ಬಯಲಾಗುತ್ತದೆ. ಹೀಗೆ ಬರೆದದ್ದನ್ನು ಅಳಿಸದಂತೆ ಕಾಯುವುದು ಇದರ ಶಕ್ತಿಯೇ ಹೊರತು, ಬರೆದದ್ದು ನಿಜವೇ ಎಂದು ಪರೀಕ್ಷಿಸುವ ಸಾಮರ್ಥ್ಯ ಅದಕ್ಕಿಲ್ಲ.

ಈ ಮಿತಿಯ ಅರಿವಾಗಬೇಕಾದರೆ ಕಾಫಿ ಮಾರಾಟದ ಮೊದಲ ಹಂತವನ್ನೇ ನೋಡಬೇಕು. ಒಣಗಿಸಿದ ಚೆರಿ ಕಾಫಿಯನ್ನು 50 ಕಿಲೋ ಚೀಲದ ಲೆಕ್ಕದಲ್ಲಿ ಕೊಳ್ಳುವ ವ್ಯಾಪಾರಿಯು ಒಂದಿಷ್ಟು ಮಾದರಿಯನ್ನು ತೆಗೆದು, ಸಿಪ್ಪೆ ಬಿಡಿಸಿ, ಬೀಜವನ್ನು ತೂಗಿ, ತೇವಾಂಶವನ್ನು ಅಳೆದು, ಒಂದು ಚೀಲದಿಂದ ಎಷ್ಟು ಕಿಲೋ ಶುದ್ಧ ಬೀಜ ಸಿಗಬಹುದೆಂದು ಅಂದಾಜಿಸುತ್ತಾನೆ. ಬೆಳೆಗಾರರು ಔಟ್‌ಟರ್ನ್ ಎಂದು ಕರೆಯುವ ಈ ಅಂಕಿಯ ಮೇಲೆಯೇ ಬೆಲೆ ನಿಂತಿರುತ್ತದೆ. ಇಲ್ಲಿ ಒಂದು ಕಿಲೋ ಕಡಿಮೆ ಬರೆದರೂ ಆ ನಷ್ಟ ಪ್ರತಿ ಚೀಲಕ್ಕೂ ತಗಲುತ್ತದೆ, ಮತ್ತು ತಪ್ಪಾಗಿ ಬರೆದ ಅಂಕಿಯನ್ನು ಬ್ಲಾಕ್‌ಚೈನ್ ಅಷ್ಟೇ ನಿಷ್ಠೆಯಿಂದ ಶಾಶ್ವತಗೊಳಿಸುತ್ತದೆ. ಆದ್ದರಿಂದ ತೂಕದ ಯಂತ್ರ, ತೇವಾಂಶ ಮಾಪಕಗಳಿಂದ ಅಂಕಿಯು ನೇರವಾಗಿ ದಾಖಲಾಗುವ ಏರ್ಪಾಡಿಲ್ಲದೆ ಮಿಕ್ಕ ತಂತ್ರಜ್ಞಾನವೆಲ್ಲ ಮೇಲ್ಪದರದ ಅಲಂಕಾರವಾಗಿಯೇ ಉಳಿಯುತ್ತದೆ.

ಇನ್ನೊಂದು ತಂತ್ರಜ್ಞಾನವಾದ ಯಂತ್ರಕಲಿಕೆಯ (ಮಷೀನ್ ಲರ್ನಿಂಗ್) ಕೆಲಸ ಬೇರೆ ಬಗೆಯದು. ಸಾವಿರಾರು ಉದಾಹರಣೆಗಳನ್ನು ಗಣಕಕ್ಕೆ ತೋರಿಸಿ, ಅವುಗಳಲ್ಲಿನ ಸಾಮ್ಯವನ್ನು ಅದೇ ಕಂಡುಕೊಳ್ಳುವಂತೆ ಮಾಡುವ ಈ ವಿಧಾನದಿಂದ ಬೀಜದ ಚಿತ್ರ ನೋಡಿ ಒಡಕು, ಕಪ್ಪು ಬೀಜಗಳನ್ನು ಬೇರ್ಪಡಿಸಬಹುದು, ಉಪಗ್ರಹ ಚಿತ್ರಗಳಿಂದ ತೋಟಗಳ ಗಡಿಯನ್ನೂ ಗುರುತಿಸಬಹುದು. ಎರಡನೆಯದು ಈಗ ತುರ್ತಿನ ವಿಷಯವಾಗಿದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ತನ್ನ ಮಾರುಕಟ್ಟೆಗೆ ಬಿಡಬಾರದೆಂದು ಐರೋಪ್ಯ ಒಕ್ಕೂಟವು 2023ರಲ್ಲಿ ಕಾನೂನು ಮಾಡಿದ್ದು, ಅದರ ಜಾರಿ ಮುಂದೂಡಲ್ಪಟ್ಟಿದ್ದರೂ, ಪ್ರತಿ ತೋಟದ ಭೌಗೋಳಿಕ ನೆಲೆಯನ್ನು ಒದಗಿಸಬೇಕೆಂಬುದು ಅದರ ಮುಖ್ಯ ಷರತ್ತು. ಮಲೆನಾಡಿನ ಕಾಫಿ ಬೆಳೆಯುವುದು ದೊಡ್ಡ ಮರಗಳ ನೆರಳಿನಲ್ಲಿ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ಕಾಡಿನಂತೆಯೇ ಕಾಣುತ್ತದೆ. ಬಯಲು ತೋಟಗಳ ಚಿತ್ರಗಳಿಂದ ಮಾತ್ರ ಕಲಿತ ಯಂತ್ರವು ಹಳೆಯ ತೋಟವನ್ನು ಕಾಡೆಂದು ಗುರುತಿಸಿ, ಮುಂದೆ ನೆರಳು ತಗ್ಗಿಸಲು ರೆಂಬೆ ಕಡಿದಾಗ ಅದನ್ನೇ ಅರಣ್ಯನಾಶವೆಂದು ದಾಖಲಿಸುವ ಅಪಾಯವಿದೆ. ಮರಗಳನ್ನು ಉಳಿಸಿಕೊಂಡು ಬೆಳೆದವನೇ ಇದರಿಂದ ಮಾರುಕಟ್ಟೆ ಕಳೆದುಕೊಳ್ಳುವುದು ಘೋರ ಅನ್ಯಾಯ.

ಇಂತಹ ವ್ಯವಸ್ಥೆಗಳು ಬಾಳಲು ತಂತ್ರಜ್ಞಾನದಷ್ಟೇ ಪಾಲುದಾರರ ಒಪ್ಪಿಗೆಯೂ ಬೇಕು. ಮೆರ್ಸ್ಕ್ ಮತ್ತು ಐಬಿಎಂ ಸಂಸ್ಥೆಗಳು ಹಡಗು ಸಾಗಣೆಗಾಗಿ 2018ರಲ್ಲಿ ಪ್ರಕಟಿಸಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವೇದಿಕೆಗೆ ಇಡೀ ಉದ್ಯಮದ ಸಹಕಾರ ದೊರೆಯದೆ, 2022ರಲ್ಲಿ ಅದನ್ನು ಮುಚ್ಚುವ ನಿರ್ಧಾರವಾಯಿತು. ಅಂತಹ ಬೃಹತ್ ಕಂಪನಿಗಳಿಗೇ ಸಾಧ್ಯವಾಗದ್ದರ ಹೊರೆಯನ್ನು ಎರಡು ಎಕರೆಯ ಬೆಳೆಗಾರನ ಮೇಲೆ ಹೇರುವುದು ಸಲ್ಲದು. ತೋಟಗಳ ನಕ್ಷೆ ತಯಾರಿಕೆಯ ಖರ್ಚನ್ನು ಸರ್ಕಾರ ಮತ್ತು ಖರೀದಿದಾರರು ಭರಿಸಬೇಕು. ತನ್ನ ತೋಟದ ಹೆಸರಿನಲ್ಲಿ ಬರೆದ ಪ್ರತಿಯೊಂದು ಅಂಕಿಯನ್ನೂ ಕನ್ನಡದಲ್ಲಿ ಓದುವ, ತಪ್ಪಿದ್ದರೆ ಆಕ್ಷೇಪಿಸುವ ಹಕ್ಕನ್ನು ಬೆಳೆಗಾರನಿಗೆ ಮೊದಲ ದಿನದಿಂದಲೇ ಕೊಡಬೇಕು.