ಪಾಸ್‌ಬುಕ್ ಮೇಲೆ ಯಾರ ಹೆಸರು?

ಇವತ್ತು ವಿಧಾನಸೌಧದ ಸುದ್ದಿ ಬೇಡ. ಒಂದು ಪಾಸ್‌ಬುಕ್ ಬಗ್ಗೆ ಮಾತಾಡೋಣ.

ಮುಂಡರಗಿಯಲ್ಲಿ ಕಾಯಿಪಲ್ಲೆ ಮಾರುವ ಒಬ್ಬ ತಾಯಿ ಇದ್ದಾರೆ. ಇಬ್ಬರು ಗಂಡುಮಕ್ಕಳು. ಚಿಕ್ಕವನಿಗೆ ಹುಟ್ಟಿನಿಂದಲೇ ಬೌದ್ಧಿಕ ವೈಕಲ್ಯ, ಈಗ ಹತ್ತೊಂಬತ್ತು ವರ್ಷ. ಅವನಿಗಾಗಿ ಆ ತಾಯಿ ದಿನಾ ಇಪ್ಪತ್ತು ರೂಪಾಯಿ ಪಿಗ್ಮಿ ಕಟ್ತಾರೆ. ಯಾರ ಹೆಸರಲ್ಲಮ್ಮ ಅಂತ ಕೇಳಿದೆ. "ದೊಡ್ಡಾವನ ಹೆಸರ್‌ಲೇರಿ. ಸಣ್ಣಾವಂಗ ಸಹಿ ಮಾಡಾಕ ಬರೂದಿಲ್ಲಲ್ರೀ" ಅಂದರು. ಒಂದು ಕ್ಷಣ ಸುಮ್ಮನಿದ್ದು, "ದೊಡ್ಡಾಂವ ಚಲೋ ಅದಾನ್ರಿ. ಆದ್ರ ನಾಳೆ ಅವನ ಹೆಂಡ್ತಿ ಬರ್ತಾಳ, ಮಕ್ಕಳಾಗ್ತಾವ..." ಅಂದವರು ಮಾತು ಮುಗಿಸಲಿಲ್ಲ.

ನೋಡಿ, ದುಡ್ಡು ಒಬ್ಬನಿಗೆ, ಹೆಸರು ಇನ್ನೊಬ್ಬನದು. ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ಕೇಳಿ, ಶಿರಹಟ್ಟಿಯಲ್ಲಿ ಕೇಳಿ, ಲಕ್ಷ್ಮೇಶ್ವರದಲ್ಲಿ ಕೇಳಿ, ವಿಕಲಚೇತನ ಮಗು ಇರುವ ಮನೆಯಲ್ಲಿ ಅಪ್ಪ-ಅಮ್ಮ ಕೇಳೋದು ಒಂದೇ ಪ್ರಶ್ನೆ: ನಾವು ಹೋದ ಮೇಲೆ?

ಸರ್ಕಾರ ಏನೂ ಮಾಡ್ತಿಲ್ಲ ಅಂತ ನಾನು ಹೇಳೋದಿಲ್ಲ. ಮಾಸಾಶನ ಇದೆ. ರಾಜ್ಯದಲ್ಲಿ 40ರಿಂದ 75 ಪರ್ಸೆಂಟ್‌ವರೆಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 1,400 ಎಂಬ ಲೆಕ್ಕ ಕೆಲವು ವರ್ಷಗಳಿಂದ ನಡೆದುಕೊಂಡು ಬಂದಿದೆ. ಈ ದುಡ್ಡು ಆ ತಿಂಗಳ ಅಕ್ಕಿ-ಬೇಳೆಗೆ, ಔಷಧಿಗೆ ಖರ್ಚಾಗಿ ಹೋಗುತ್ತೆ, ಉಳಿಯೋದಿಲ್ಲ. ಮಾಸಾಶನ ಇವತ್ತಿನ ಊಟ. ನಾಳೆಗೆ ಕೂಡಿಡೋಕೆ ಬೇಕಾದ ಡಬ್ಬಿಯನ್ನ ಸರ್ಕಾರ ಇನ್ನೂ ಕೊಟ್ಟಿಲ್ಲ.

ಹೆಣ್ಣುಮಕ್ಕಳಿಗೆ ಅಂಥ ಡಬ್ಬಿ ಕೊಟ್ಟಿದೆ. 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತ, ಬ್ಯಾಂಕಿಗಿಂತ ಒಳ್ಳೆ ಬಡ್ಡಿ, ಮಗಳ ಹೆಸರಲ್ಲೇ ಪಾಸ್‌ಬುಕ್. (ನಿಮ್ಮ ವಿಕಲಚೇತನ ಮಗು ಹೆಣ್ಣಾಗಿದ್ದು, ಹತ್ತು ವರ್ಷದೊಳಗಿದ್ದರೆ ಇದನ್ನ ಇವತ್ತೇ ತೆರೆಯಿರಿ.) 2024ರಲ್ಲಿ ಎಲ್ಲ ಮಕ್ಕಳಿಗೂ ಅಂತ ಎನ್‌ಪಿಎಸ್ ವಾತ್ಸಲ್ಯ ಬಂತು. ಆದರೆ ವಿಕಲಚೇತನರಿಗಾಗಿಯೇ, ಕಟ್ಟಿದ ದುಡ್ಡಿಗೆ ಸರ್ಕಾರ ತನ್ನ ಪಾಲೂ ಸೇರಿಸುವ ಖಾತೆ? ಅದು ಮಾತ್ರ ಬರಲಿಲ್ಲ.

ಇದು ಆಗದ ಮಾತಲ್ಲ. ಕೆನಡಾದಲ್ಲಿ 2008ರಿಂದ ಇದೆ. ಆಗ ಅಲ್ಲಿ ಹಣಕಾಸು ಸಚಿವರಾಗಿದ್ದ ಜಿಮ್ ಫ್ಲಾಹರ್ಟಿಯವರ ಮನೆಯಲ್ಲೂ ಒಬ್ಬ ವಿಕಲಚೇತನ ಮಗ ಇದ್ದ. ಕಷ್ಟ ಗೊತ್ತಿದ್ದವನ ಕೈಗೆ ಖಜಾನೆ ಸಿಕ್ಕರೆ ಏನಾಗುತ್ತೆ ನೋಡಿ. ಕಡಿಮೆ ಮತ್ತು ಮಧ್ಯಮ ಆದಾಯದ ಕುಟುಂಬ ವರ್ಷದಲ್ಲಿ ಕಟ್ಟುವ ಮೊದಲ 500 ಡಾಲರ್‌ಗೆ ಸರ್ಕಾರ ಮೂರು ಪಟ್ಟು ಸೇರಿಸುತ್ತೆ, ಮುಂದಿನ 1,000 ಡಾಲರ್‌ಗೆ ಎರಡು ಪಟ್ಟು. ಅಂದರೆ 1,500 ಕಟ್ಟಿದರೆ ಮೇಲೆ 3,500. ತೀರಾ ಬಡವರಾದರೆ ಅವರು ಒಂದು ಪೈಸೆ ಕಟ್ಟದಿದ್ದರೂ ವರ್ಷಕ್ಕೆ 1,000 ಡಾಲರ್‌ವರೆಗೆ ಸರ್ಕಾರವೇ ಹಾಕುತ್ತೆ. ಷರತ್ತೂ ಇದೆ. ಸರ್ಕಾರದ ದುಡ್ಡು ಹತ್ತು ವರ್ಷ ಖಾತೆಯಲ್ಲಿ ಕೂತಿರಬೇಕು, ಮೊದಲೇ ತೆಗೆದರೆ ಅದನ್ನ ವಾಪಸ್ ಕೊಡಬೇಕಾಗುತ್ತೆ.

ಅಮೆರಿಕದ ಕಥೆ ಬೇರೆ. ಅಲ್ಲಿ ವಿಕಲಚೇತನರ ಫೆಡರಲ್ ನೆರವು ಪಡೆಯೋರ ಬಳಿ 2,000 ಡಾಲರ್‌ಗಿಂತ ಹೆಚ್ಚು ಉಳಿತಾಯ ಇದ್ದರೆ ನೆರವೇ ಕಟ್. ಕೂಡಿಟ್ಟರೆ ಶಿಕ್ಷೆ! 2014ರ ಡಿಸೆಂಬರ್‌ನಲ್ಲಿ ಬಂದ 'ಏಬಲ್' ಕಾಯ್ದೆ ಒಂದು ವಿಶೇಷ ಖಾತೆ ಕೊಟ್ಟು, ಅದರಲ್ಲಿ ಒಂದು ಲಕ್ಷ ಡಾಲರ್‌ವರೆಗೆ ಇದ್ದರೂ ಆ ನೆರವಿಗೆ ಅಡ್ಡಿಯಿಲ್ಲ ಅಂದಿತು. ನಮ್ಮಲ್ಲೂ ಮಾಸಾಶನಕ್ಕೆ ಆದಾಯದ ಮಿತಿ ಇದೆ. ಹಾಗಾಗಿ ಖಾತೆಯಲ್ಲಿ ನಾಲ್ಕು ಕಾಸು ಕಂಡರೆ ಎಲ್ಲಿ ಮಾಸಾಶನ ನಿಂತುಹೋಗುತ್ತೋ ಅನ್ನೋ ಭಯ ನಮ್ಮ ಹಳ್ಳಿಗಳಲ್ಲೂ ಇದೆ. ಹೊಸ ಖಾತೆ ತಂದರೆ ಈ ಭಯಕ್ಕೂ ಕಾನೂನಿನಲ್ಲೇ ಉತ್ತರ ಇರಬೇಕು.

ಇನ್ನು ನಮ್ಮ ದೇಶದ ವಿಚಿತ್ರ ಕೇಳಿ. ಆದಾಯ ತೆರಿಗೆ ಕಾನೂನಿನ ಪ್ರಕಾರ, ವಿಕಲಚೇತನ ಅವಲಂಬಿತರ ಚಿಕಿತ್ಸೆಗೆ ಖರ್ಚು ಮಾಡುವವರಿಗೆ ಅಥವಾ ಅವರಿಗಾಗಿ ವಿಮಾ ಯೋಜನೆಯಲ್ಲಿ ದುಡ್ಡು ಕಟ್ಟುವವರಿಗೆ 75,000 ರೂಪಾಯಿ ಕಡಿತ. ತೀವ್ರ ವೈಕಲ್ಯ ಇದ್ದರೆ 1,25,000. ಹಳೆಯ ತೆರಿಗೆ ಪದ್ಧತಿಯಲ್ಲಿ 30 ಪರ್ಸೆಂಟ್ ತೆರಿಗೆ ಕಟ್ಟುವ ನನ್ನಂಥವನಿಗೆ 75,000ದ ಮೇಲೆ 22,500 ರೂಪಾಯಿ ಉಳಿಯುತ್ತೆ. ಮುಂಡರಗಿಯ ಆ ತಾಯಿಗೆ? ಸೊನ್ನೆ. ಅವರು ತೆರಿಗೆಯೇ ಕಟ್ಟಲ್ಲವಲ್ಲ. ಸರ್ಕಾರ ಪಾಲು ಕೊಡ್ತಿದೆ ಸ್ವಾಮಿ, ಆದರೆ ಉಳ್ಳವರಿಗೆ!

ಆ ವಿಮೆಯಲ್ಲೂ ಒಂದು ಗಂಟು ಇತ್ತು. ಎಲ್‌ಐಸಿಯ ಜೀವನ ಆಧಾರ್‌ನಂಥ ಪಾಲಿಸಿಯಲ್ಲಿ ತಂದೆ ಅಥವಾ ತಾಯಿ ಸತ್ತ ಮೇಲಷ್ಟೇ ಮಗುವಿಗೆ ದುಡ್ಡು. ತಂದೆ ಎಂಬತ್ತು ವರ್ಷ ಬದುಕಿದರೆ ಮಗನಿಗೆ ಐವತ್ತಾದರೂ ಕೈಗೆ ಏನೂ ಸಿಗಲ್ಲ. ಒಬ್ಬ ತಂದೆ ಇದನ್ನ ಸುಪ್ರೀಂ ಕೋರ್ಟ್‌ವರೆಗೆ ಒಯ್ದರು. 2019ರ ಜನವರಿಯಲ್ಲಿ ಕೋರ್ಟ್ ಕಾನೂನನ್ನ ರದ್ದು ಮಾಡಲಿಲ್ಲ, ಆದರೆ ಮರುಪರಿಶೀಲನೆ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. 2022ರ ಬಜೆಟ್‌ನಲ್ಲಿ ತಿದ್ದುಪಡಿ ಬಂತು: ಪಾಲಿಸಿ ಮಾಡಿಸಿದವರಿಗೆ ಅರವತ್ತು ತುಂಬಿ, ಕಂತು ಕಟ್ಟೋದು ನಿಂತ ಮೇಲೆ ಅವರು ಬದುಕಿರುವಾಗಲೇ ಮಗುವಿಗೆ ದುಡ್ಡು ಕೊಡುವ ಯೋಜನೆಗೂ ತೆರಿಗೆ ವಿನಾಯಿತಿ.

ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ನಿದ್ದೆ ಬರಲ್ಲ. ದಿನಕ್ಕೆ ಇಪ್ಪತ್ತು ಅಂದರೆ ತಿಂಗಳಿಗೆ 600. ಇಪ್ಪತ್ತು ವರ್ಷಕ್ಕೆ ಕಟ್ಟುವುದು 1,44,000. 7 ಪರ್ಸೆಂಟ್ ಬಡ್ಡಿ ಅಂತ ಇಟ್ಟುಕೊಂಡರೆ ಅದು ಸುಮಾರು 3.12 ಲಕ್ಷ ಆಗುತ್ತೆ. ಅಸಲು ಮುಟ್ಟದೆ ಬಡ್ಡಿ ಮಾತ್ರ ತೆಗೆದರೆ ತಿಂಗಳಿಗೆ 1,820 ರೂಪಾಯಿ. ಸರ್ಕಾರ ಮೂರು ಪಟ್ಟು ಬೇಡ, ಒಂದಕ್ಕೊಂದು ಸೇರಿಸಿದರೆ 6.25 ಲಕ್ಷ, ತಿಂಗಳಿಗೆ 3,640. ಬೆಲೆ ಏರಿಕೆ ಮರೆತೆಯಾ ಅಂತ ಕೇಳಬೇಡಿ, ಮರೆತಿಲ್ಲ. ಇಪ್ಪತ್ತು ವರ್ಷದ ನಂತರದ 3,640 ಇವತ್ತಿನ ಅರ್ಧದಷ್ಟೂ ಬಾಳಲಿಕ್ಕಿಲ್ಲ. ಸರ್ಕಾರದ ಪಾಲು ಬೇಕು ಅನ್ನೋದು ಅದಕ್ಕೇ. ಖರ್ಚೆಷ್ಟು? ಒಂದು ಖಾತೆಗೆ ವರ್ಷಕ್ಕೆ 7,200. ರಾಜ್ಯದಲ್ಲಿ 2011ರ ಜನಗಣತಿ ಪ್ರಕಾರ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅವರಲ್ಲಿ ಮೊದಲಿಗೆ ಒಂದು ಲಕ್ಷ ಬಡ ಮಕ್ಕಳನ್ನ ತಗೊಂಡರೆ 72 ಕೋಟಿ. ರಾಜ್ಯದ ಬಜೆಟ್ ಗಾತ್ರ ನಿಮಗೇ ಗೊತ್ತಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾಮಾಜಿಕ ಭದ್ರತೆ ಕೊಡಬೇಕು ಅನ್ನುತ್ತೆ. ಜೊತೆಗೇ 'ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಅಂತ ಒಂದು ಕಿಟಕಿಯನ್ನೂ ತೆರೆದಿಟ್ಟಿದೆ. ಆ ಕಿಟಕಿಯಿಂದ ಎಲ್ಲ ಸರ್ಕಾರಗಳೂ ಸಲೀಸಾಗಿ ಹೊರಗೆ ಹೋಗ್ತವೆ.

ಈ ಮಾತು ಗದಗದಲ್ಲಿ ಯಾಕೆ? ಏಷ್ಯಾದ ಮೊದಲ ಸಹಕಾರ ಸಂಘ ಅಂತ ಹೆಸರಾದದ್ದು ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಹಾಗೇ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರಾಗಿದ್ದುಕೊಂಡೇ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಅಂಧ ಮಕ್ಕಳ ಕೈಗೆ ವಿದ್ಯೆ ಕೊಟ್ಟರು! ಕೂಡಿಡೋದನ್ನೂ, ಕೈ ಹಿಡಿಯೋದನ್ನೂ ಬಲ್ಲ ಊರು ಇದು. ಇಂಥ ಖಾತೆಯನ್ನ ಪ್ರಯೋಗಕ್ಕೆ ಅಂತ ಮೊದಲು ಎಲ್ಲಿ ತೆರೀಬೇಕು ಅಂತ ಕೇಳಿದರೆ ನಾನು ಗದಗ ಜಿಲ್ಲೆ ಅಂತೀನಿ.

ಅಲ್ಲೀವರೆಗೆ ಏನು ಮಾಡೋದು? ಎರಡು ವಿಷಯ ತಿಳಕೊಳ್ಳಿ. ಅಂಧರು, ದೈಹಿಕ ವೈಕಲ್ಯ ಇರುವವರು ಖಾತೆ ತೆರೆಯೋಕೆ ಯಾವ ಪಾಲಕರೂ ಬೇಕಿಲ್ಲ. ಅಂಧರಿಗೆ ಚೆಕ್‌ಬುಕ್, ಎಟಿಎಂ, ಲಾಕರ್ ನಿರಾಕರಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಬಹಳ ಹಿಂದೆಯೇ ಹೇಳಿದೆ. ಕೌಂಟರ್‌ನಲ್ಲಿ ಯಾರಾದರೂ "ಜೊತೆಗೆ ಒಬ್ಬರನ್ನ ಕರ್ಕೊಂಡು ಬನ್ನಿ" ಅಂದರೆ, ಬರೆದು ಕೊಡಿ ಅಂತ ಕೇಳಿ.

ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವ ಮಕ್ಕಳ ವಿಷಯ ಬೇರೆ. ಮಗುವಿಗೆ 18 ತುಂಬಿದ ದಿನದಿಂದ ಹೆತ್ತ ತಾಯಿ ಕೂಡ ಕಾನೂನಿನ ಪ್ರಕಾರ ತಾನಾಗಿಯೇ ಪಾಲಕಿ ಅಲ್ಲ. ಎಷ್ಟೋ ಜನಕ್ಕೆ ಇದು ಗೊತ್ತಾಗೋದೇ ಬ್ಯಾಂಕಿನವರು ಅರ್ಜಿ ವಾಪಸ್ ಕೊಟ್ಟಾಗ. ಕೆನಡಾದಲ್ಲೂ ಇದೇ ತೊಡಕಾಗಿ, 2012ರಲ್ಲಿ ಕುಟುಂಬದವರೇ ಖಾತೆ ತೆರೆಯಬಹುದು ಅಂತ ನಿಯಮ ಸಡಿಲಿಸಿದರು. ನಮ್ಮಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತೆ. ಅದು ಕೊಡುವ ಪಾಲಕತ್ವದ ಪ್ರಮಾಣಪತ್ರ ಇದ್ದರೆ ಮಗನ ಹೆಸರಲ್ಲೇ ಖಾತೆ ತೆರೆದು ನೀವು ನಡೆಸಬಹುದು. ಕೋರ್ಟಿಗೆ ಅಲೆಯಬೇಕಿಲ್ಲ. ಅರ್ಜಿ ಹೇಗೆ ಹಾಕೋದು ಅಂತ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನ ಕೇಳಿ, ಯುಡಿಐಡಿ ಕಾರ್ಡ್ ಕೈಯಲ್ಲಿರಲಿ. ಹಾಗೇ ಇದೇ ನಾಲ್ಕು ವೈಕಲ್ಯಗಳಿಗೆ ಒಂದು ಲಕ್ಷದವರೆಗಿನ 'ನಿರಾಮಯ' ಆರೋಗ್ಯ ವಿಮೆಯ ಬಗ್ಗೆಯೂ ವಿಚಾರಿಸಿ.

ಆ ತಾಯಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಗದಗಿಗೆ ಬರಬೇಕೇನ್ರಿ? ಅಂವನ್ನೂ ಕರ್ಕೊಂಡು?" ಅಂದರು. ಕರೀಬಹುದಮ್ಮ ಅಂದೆ. ಬಸ್ಸಿನಲ್ಲಿ ಗದ್ದಲ ಆದರೆ ಹುಡುಗ ಹೆದರ್ತಾನಂತೆ. "ಹಂಗಾರ ಮುಂಜಾನೆ ಮೊದಲನೇ ಬಸ್ಸಿಗೇ ಬರ್ತೀನ್ರಿ, ಖಾಲಿ ಇರ್ತೈತಿ. ಒಂದಿನ ಯಾಪಾರ ಹೋದ್ರ ಹೋಗ್ಲಿ" ಅಂದರು.