ಮಡೆನೂರಿನ ಹೊಂಗೆ: ಒಂದು ಮರದ ಸುತ್ತ ಹಲವು ಶಾಸ್ತ್ರಗಳು

ಹೊಂಗೆಯ ಮರವನ್ನು ಹಾಸನ ಜಿಲ್ಲೆಯ ಕೃಷಿಕ ಕುಟುಂಬಗಳಿಗೆ ಯಾರೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಬದುವಿನ ಮೇಲೆ, ಕೆರೆ ಏರಿಯ ಪಕ್ಕದಲ್ಲಿ, ಗುಂಡುತೋಪುಗಳಲ್ಲಿ ಬೆಳೆದು, ಕಡು ಬೇಸಿಗೆಯಲ್ಲಿಯೂ ತಂಪಾದ ನೆರಳನ್ನೀಯುವ ಮರವಿದು. ಹಿಂದೆ ಅದರ ಸೊಪ್ಪನ್ನು ಗದ್ದೆಗೆ ಹಾಕಿ ತುಳಿಯುತ್ತಿದ್ದರು. ಬೀಜವನ್ನು ಗಾಣಕ್ಕೆ ಕೊಟ್ಟು ಪಡೆದ ಎಣ್ಣೆಯಿಂದ ದೀಪ ಹಚ್ಚುತ್ತಿದ್ದರು. ಹಿಂಡಿಯನ್ನು ಹೊಲಕ್ಕೆ ಗೊಬ್ಬರವಾಗಿ ಚೆಲ್ಲುತ್ತಿದ್ದರು. ಸೀಮೆಎಣ್ಣೆ, ವಿದ್ಯುತ್ತು ಮತ್ತು ಯೂರಿಯಾಗಳ ಆಗಮನದಿಂದ ಈ ಉಪಯೋಗಗಳೆಲ್ಲ ಹಿಂದೆ ಸರಿದವು. ಹೀಗೆ ಮೂಲೆಗುಂಪಾಗಿದ್ದ ಮರವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ, ಹಾಸನ ತಾಲ್ಲೂಕಿನ ಮಡೆನೂರಿನಲ್ಲಿರುವ ತನ್ನ ಸಂಶೋಧನಾ ಕೇಂದ್ರದಲ್ಲಿ ಮತ್ತೆ ಅಧ್ಯಯನದ ವಸ್ತುವನ್ನಾಗಿಸಿತು. ಡಾ. ಬಾಲಕೃಷ್ಣ ಗೌಡರ ಮುಂದಾಳತ್ವದಲ್ಲಿ ಆರಂಭವಾದ ಆ ಕಾರ್ಯಕ್ಕೆ ಜೈವಿಕ ಇಂಧನ ಉದ್ಯಾನವೆಂದು ಹೆಸರಾಯಿತು.

ಹೆಸರನ್ನು ಕೇಳಿದವರು ಇದು ಡೀಸೆಲ್ ತಯಾರಿಸುವ ಕಾರ್ಖಾನೆಯೆಂದು ಭಾವಿಸಿದ್ದುಂಟು. ವಾಸ್ತವವಾಗಿ ಅಲ್ಲಿ ನಡೆದುದು ಹಲವು ಶಾಸ್ತ್ರಗಳು ಒಂದೇ ಮರದ ಸುತ್ತ ಕುಳಿತು ಮಾಡಿದ ಕೆಲಸ. ಯಾವ ಮರ ಹೆಚ್ಚು ಬೀಜ ಬಿಡುತ್ತದೆ, ಯಾವುದರ ಬೀಜದಲ್ಲಿ ಎಣ್ಣೆ ಅಧಿಕ ಎಂಬುದನ್ನು ಗುರುತಿಸಿ ಕಸಿ ಕಟ್ಟುವುದು ಸಸ್ಯಶಾಸ್ತ್ರಜ್ಞರ ಪಾಲು. ಎಣ್ಣೆಯನ್ನು ಇಂಧನವಾಗಿ ಪರಿವರ್ತಿಸುವುದು ರಸಾಯನಶಾಸ್ತ್ರದ ಪಾಲು. ಬೀಜದ ಸಿಪ್ಪೆ ಬಿಡಿಸುವ, ಎಣ್ಣೆ ಹಿಂಡುವ ಯಂತ್ರ ಎಂಜಿನಿಯರರದು. ಹಿಂಡಿ ಮಣ್ಣಿಗೆ ಏನು ಮಾಡುತ್ತದೆಂಬ ಪರೀಕ್ಷೆ ಮಣ್ಣುವಿಜ್ಞಾನಿಗಳದು. ಬೀಜ ಆಯುವ ಹೆಂಗಸಿಗೆ ದಿನಕ್ಕೆ ಎಷ್ಟು ಕೂಲಿ ಗಿಟ್ಟೀತು ಎಂಬ ಲೆಕ್ಕವು ಅರ್ಥಶಾಸ್ತ್ರಕ್ಕೆ ಸೇರಿದ್ದು. ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವೆಲ್ಲ ವ್ಯರ್ಥ.

ಅದೇ ಕಾಲದಲ್ಲಿ ದೇಶದ ಬೇರೆಡೆ ನಡೆದುದನ್ನು ನೆನೆದರೆ ಈ ಮಾತು ಮನವರಿಕೆಯಾಗುತ್ತದೆ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಜಟ್ರೋಫಾ ಗಿಡವನ್ನು ವ್ಯಾಪಕವಾಗಿ ಬೆಳೆಯಲು ಶಿಫಾರಸು ಮಾಡಿತು. ಬರಡು ನೆಲದಲ್ಲಿ ಚಿನ್ನ ಬೆಳೆಯುವುದೆಂಬ ಪ್ರಚಾರವನ್ನು ನಂಬಿ ಅನೇಕ ರೈತರು ಅದೊಂದನ್ನೇ ನೆಟ್ಟರು. ನೀರಿಲ್ಲದ ನೆಲದಲ್ಲಿ ಗಿಡವೇನೋ ಬದುಕಿತು. ನಿರೀಕ್ಷಿಸಿದ ಬೀಜ ಮಾತ್ರ ಬರಲಿಲ್ಲ. 2017ರ ವೇಳೆಗೆ ಡೀಸೆಲ್ಲಿಗೆ ಶೇಕಡಾ 20ರಷ್ಟು ಜೈವಿಕ ಇಂಧನ ಬೆರೆಸಬೇಕೆಂಬ 2009ರ ರಾಷ್ಟ್ರೀಯ ನೀತಿಯ ಗುರಿ ಕಾಗದದಲ್ಲೇ ಉಳಿಯಿತು. ಮಡೆನೂರಿನವರು ಹಿಡಿದ ದಾರಿ ಬೇರೆ. ರಾಗಿ, ಭತ್ತ, ಆಲೂಗೆಡ್ಡೆ ಬೆಳೆಯುವ ನೆಲವನ್ನು ಮುಟ್ಟಬೇಡಿ. ಬದು, ಬೇಲಿ ಮತ್ತು ಖಾಲಿ ಜಾಗಗಳಲ್ಲಿ ಹೊಂಗೆ, ಬೇವು, ಹಿಪ್ಪೆ, ಸೀಮರೂಬಾಗಳನ್ನು ಬೆರೆಸಿ ನೆಡಿ ಎಂದರು. ಹೊಂಗೆಯ ಕಾಯಿ ಬೇಸಿಗೆಯಲ್ಲಿ ಉದುರಿದರೆ, ಬೇವು ಮತ್ತು ಹಿಪ್ಪೆಯ ಬೀಜ ಮಳೆಗಾಲದ ಆರಂಭಕ್ಕೆ ದೊರೆಯುತ್ತದೆ. ಒಂದು ಕೈಕೊಟ್ಟರೆ ಇನ್ನೊಂದಿದೆ. ಜಿಲ್ಲೆಯ ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳನ್ನು ಕಟ್ಟಿ ಸಸಿಗಳನ್ನು ಹಂಚಿದ್ದೂ ಈ ಯೋಜನೆಯ ಭಾಗವೇ.

ಈ ಬಗೆಯ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಒಂದು ಪರಂಪರೆಯೇ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವನ್ನು ಸ್ಥಾಪಿಸಿದರು. ಅವರು ವಿದ್ಯುದ್ರಸಾಯನ ಶಾಸ್ತ್ರದ ಪಂಡಿತರು. ಆದರೆ ಹಳ್ಳಿಯ ಹೆಣ್ಣುಮಕ್ಕಳು ಸೌದೆ ಹೊರುವ ಭಾರ ಅವರ ಸಂಶೋಧನೆಯ ಪ್ರಶ್ನೆಯಾಯಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಘಟಕದ ವಿಸ್ತರಣಾ ಕೇಂದ್ರ ನೆಲೆಗೊಂಡಿತು. ಕಡಿಮೆ ಸೌದೆ, ಕಡಿಮೆ ಹೊಗೆಯ ಅಸ್ತ್ರ ಒಲೆ ಅಲ್ಲಿಂದ ರಾಜ್ಯದ ಅಸಂಖ್ಯ ಅಡುಗೆಮನೆಗಳನ್ನು ತಲುಪಿತು. ಅದೇ ಸಂಸ್ಥೆಯ ಯಂತ್ರಶಾಸ್ತ್ರದ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸರು 1990ರ ದಶಕದ ಕೊನೆಯಲ್ಲಿ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ನುಗಳನ್ನು ನಡೆಸಿ ತೋರಿಸಿದರು. ಇದೇನೂ ಪವಾಡವಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಓಡಿದ್ದು ಕಡಲೆಕಾಯಿ ಎಣ್ಣೆಯಿಂದಲೇ!

ಇಷ್ಟೆಲ್ಲ ಇದ್ದೂ ಹೊಂಗೆಯ ಇಂಧನ ಮನೆಮಾತಾಗಲಿಲ್ಲವೇಕೆ? ಲೆಕ್ಕವನ್ನೊಮ್ಮೆ ನೋಡೋಣ. ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕಿಲೋ ಬೀಜ ಬೇಕು. ಅದನ್ನು ಮೆಥನಾಲಿನೊಂದಿಗೆ ಕಾಸ್ಟಿಕ್ ಸೋಡಾ ಬಳಸಿ ಸಂಸ್ಕರಿಸಿದರೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಜೈವಿಕ ಡೀಸೆಲ್ ದೊರೆತು, ಸ್ವಲ್ಪ ಗ್ಲಿಸರಿನ್ ಉಳಿಯುತ್ತದೆ. ಬೀಜ ಹಳತಾಗಿ ಎಣ್ಣೆಯಲ್ಲಿ ಆಮ್ಲ ಹೆಚ್ಚಿದ್ದರೆ ಮೊದಲು ಬೇರೊಂದು ಸಂಸ್ಕಾರವೂ ಆಗಬೇಕು, ಖರ್ಚು ಏರುತ್ತದೆ. ಬೀಜಕ್ಕೆ ಕಿಲೋಗೆ 20 ರೂಪಾಯಿ ಎಂದಿಟ್ಟುಕೊಂಡರೂ ಬೀಜಕ್ಕೇ 80 ರೂಪಾಯಿ ಆಯಿತು. ಬೆಲೆ ಅದಕ್ಕಿಂತ ಇಳಿದರೆ ಆಯುವವರಿಗೆ ಕೂಲಿ ಗಿಟ್ಟದು. ಏರಿದರೆ ಇಂಧನ ಪೆಟ್ರೋಲ್ ಬಂಕಿನ ಡೀಸೆಲ್ಲಿನೊಡನೆ ಸ್ಪರ್ಧಿಸಲಾರದು. ಲೆಕ್ಕವನ್ನು ಸ್ವಲ್ಪವಾದರೂ ಸರಿದೂಗಿಸುವುದು ಉಳಿಯುವ ಮೂರು ಕಿಲೋ ಹಿಂಡಿ. ಅದರಲ್ಲಿ ಶೇಕಡಾ 4ರಷ್ಟು ಸಾರಜನಕವಿದೆ. ಗೊಬ್ಬರವೂ ಹೌದು, ಹುಳುಗಳಿಗೆ ಕಹಿಯೂ ಹೌದು. ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೆ, ಹೊಳೆನರಸೀಪುರದ ಭತ್ತದ ಗದ್ದೆಗೆ ಡೀಸೆಲ್ಲಿಗಿಂತ ಹೊಂಗೆಯ ಹಿಂಡಿ ಹಾಗೂ ಸೊಪ್ಪೇ ಹೆಚ್ಚಿನ ಲಾಭವೆಂಬುದು ಈ ಲೇಖಕನ ಎಣಿಕೆ. ಇಂಧನವೆಂಬ ಹೆಸರಿನ ಆಕರ್ಷಣೆಯಿಂದ ಗೊಬ್ಬರದ ಮಾತು ಹಿಂದೆ ಬಿದ್ದುದು ವಿಷಾದಕರ.

ಅರಕಲಗೂಡು ತಾಲ್ಲೂಕಿನ ಸ್ಥಿತಿ ಇನ್ನೂ ತೊಡಕಿನದು. ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಎಲೆಯನ್ನು ಹದಗೊಳಿಸುವ ಬ್ಯಾರನ್ನುಗಳು ಒಂದೊಂದು ಕಿಲೋ ಒಣ ಎಲೆಗೆ ಹಲವು ಕಿಲೋ ಸೌದೆಯನ್ನು ನುಂಗುತ್ತವೆ. ಆ ಸೌದೆ ಎಲ್ಲಿಂದ ಬರಬೇಕು? ಬದುವಿನ ಮರಗಳಿಗೆ ಅಲ್ಲಿ ಸದಾ ಕೊಡಲಿಯ ಭಯ. ತಂಬಾಕು ಬಿಡಿ ಎಂದು ಉಪದೇಶಿಸುವುದು ಸುಲಭ. ಸಾಲ, ಮಕ್ಕಳ ಶುಲ್ಕ, ಮದುವೆ ಎಲ್ಲವೂ ಆ ಹರಾಜಿನ ದಿನವನ್ನು ನಂಬಿರುವ ಮನೆಗೆ ಪರ್ಯಾಯ ಬೆಳೆಯ ಲೆಕ್ಕ ಕೊಡುವವರು ಯಾರು? ಬೇಸಾಯಶಾಸ್ತ್ರ, ಅರಣ್ಯಶಾಸ್ತ್ರ, ಅರ್ಥಶಾಸ್ತ್ರಗಳಲ್ಲಿ ಯಾವುದೂ ಒಂಟಿಯಾಗಿ ಇದಕ್ಕೆ ಉತ್ತರಿಸಲಾರದು.

2015ರಲ್ಲಿ ಆಗಿನ ಜಗದ್ಗುರು ಫ್ರಾನ್ಸಿಸರು ಲೌದಾತೋ ಸೀ ಎಂಬ ಪರಿಪತ್ರದಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತೇ. ಪರಿಸರದ ಬಿಕ್ಕಟ್ಟು ಮತ್ತು ಬಡವರ ಬಿಕ್ಕಟ್ಟು ಎರಡಲ್ಲ, ತುಂಡುತುಂಡಾದ ಜ್ಞಾನದಿಂದ ಅದು ಬಗೆಹರಿಯದು ಎಂದು ಅವರು ವಾದಿಸಿದರು. ಪರಿಪತ್ರವನ್ನು ದೇವಾಲಯದ ಪ್ರವಚನದಲ್ಲಿ ಕೇಳಿದ ನಮ್ಮ ಕುಟುಂಬಗಳು, ಮಕ್ಕಳು ಪಿಯುಸಿ ಮುಗಿಸಿದಾಗ ಅದನ್ನು ನೆನೆಯುವುದು ಅಪರೂಪ. ಎಂಜಿನಿಯರಿಂಗ್ ಅಥವಾ ನರ್ಸಿಂಗ್ ಎಂಬ ಎರಡೇ ಹಾದಿಗಳು ಕಣ್ಣಿಗೆ ಬೀಳುತ್ತವೆ. ಹಾಸನದ ಕಾರೇಕೆರೆಯಲ್ಲೇ ಕೃಷಿ ಮಹಾವಿದ್ಯಾಲಯವಿದೆಯೆಂಬುದು, ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಯಲ್ಲೇ ತಂಗಿ ರೈತರೊಡನೆ ದುಡಿದು ಕಲಿಯುತ್ತಾರೆಂಬುದು ಎಷ್ಟು ಮನೆಗಳಿಗೆ ಗೊತ್ತು? ಇಂಥ ವಿದ್ಯಾರ್ಥಿಗಳು ಊರಿಗೆ ಬಂದಾಗ ಅವರನ್ನು ಬದುವಿನವರೆಗೆ ಕರೆದೊಯ್ದು ಪ್ರಶ್ನೆ ಕೇಳುವ ಹಕ್ಕು ಪ್ರತಿಯೊಬ್ಬ ರೈತನಿಗೂ ಇದೆ.

ಮರ ನೆಡಬಯಸುವವರಿಗೆ ಎರಡು ಮಾತು. ಬೇಸಿಗೆಯಲ್ಲಿ ಉದುರಿದ ಕಾಯಿಗಳಿಂದ ಬಿಡಿಸಿದ ತಾಜಾ ಬೀಜವನ್ನು ಪಾಲಿಥೀನ್ ಚೀಲಗಳಲ್ಲಿ ಬಿತ್ತಿದರೆ ಎರಡು ವಾರಗಳ ಆಸುಪಾಸಿನಲ್ಲಿ ಮೊಳೆಯುತ್ತದೆ. ಮುಂಗಾರು ಹಿಡಿದ ಮೇಲೆ ಬದುವಿಗೆ ನೆಡಬಹುದು. ಬೀಜದಿಂದ ಬೆಳೆದ ಮರ ಫಲ ಬಿಡಲು ನಾಲ್ಕರಿಂದ ಏಳು ವರ್ಷ ಬೇಕು. ಕಸಿ ಗಿಡ ಇನ್ನೂ ಬೇಗ ಬಿಡುತ್ತದೆ. ದನಗಳು ಸಾಮಾನ್ಯವಾಗಿ ಹೊಂಗೆಗೆ ಬಾಯಿ ಹಾಕುವುದಿಲ್ಲವಾದ್ದರಿಂದ ಬೇಲಿಯ ಖರ್ಚು ಉಳಿಯುತ್ತದೆ.