ಮೊದಲು ಹಾಡುವವರು

ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಕ್ಕೆ ಹೊತ್ತಿಗೆ ಮುಂಚೆಯೇ ಹೋಗಿ ಕುಳಿತವರಿಗೆ ಒಂದು ದೃಶ್ಯ ಪರಿಚಿತ. ಪ್ರಧಾನ ವೇಷಧಾರಿಗಳು ಚೌಕಿಯಲ್ಲಿ ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿರುವಾಗ ರಂಗಸ್ಥಳದಲ್ಲಿ ಕೋಡಂಗಿಗಳೂ ಬಾಲಗೋಪಾಲರೂ ಕುಣಿಯುತ್ತಿರುತ್ತಾರೆ. ಕಲಿಯುವ ಹುಡುಗರ ವೇಷಗಳು ಅವು. ಪಶ್ಚಿಮದ ರಾಕ್ ಸಂಗೀತದಲ್ಲಿಯೂ ಇಂಥದೊಂದು ಪೂರ್ವರಂಗ ಉಂಟು. ಹೆಸರಾಂತ ತಂಡ ವೇದಿಕೆಗೆ ಬರುವ ಮುನ್ನ ಹೆಸರಿಲ್ಲದ ತಂಡವೊಂದು ಸ್ವಲ್ಪ ಹೊತ್ತು ಹಾಡುತ್ತದೆ. ಟಿಕೆಟು ಕೊಂಡವರು ಬಂದದ್ದು ಇವರಿಗಾಗಿ ಅಲ್ಲ. ಹಾಗಿದ್ದ ಮೇಲೆ ಹೊಸಬರಿಗೆ ಇದರಿಂದ ದೊರೆಯುವುದಾದರೂ ಏನು? ಇಂಗ್ಲೆಂಡಿನ ‘ಬಜ್‌ಕಾಕ್ಸ್’ ತಂಡದ ಕಥೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ.

1976ರ ಫೆಬ್ರವರಿ ತಿಂಗಳು. ಮ್ಯಾಂಚೆಸ್ಟರಿಗೆ ಸಮೀಪದ ಬೋಲ್ಟನ್ ಪಟ್ಟಣದಲ್ಲಿ ಓದುತ್ತಿದ್ದ ಹೊವರ್ಡ್ ಡೆವೋಟೊ, ಪೀಟ್ ಶೆಲ್ಲಿ ಎಂಬ ಗೆಳೆಯರಿಬ್ಬರು ‘ಸೆಕ್ಸ್ ಪಿಸ್ಟಲ್ಸ್’ ಎಂಬ ಲಂಡನ್ ತಂಡದ ವಿಷಯವನ್ನು ಪತ್ರಿಕೆಯಲ್ಲಿ ಓದಿದರು. ದಕ್ಷಿಣಕ್ಕೆ ಪ್ರಯಾಣ ಮಾಡಿ ಅವರ ಹಾಡನ್ನು ಕೇಳಿಯೂ ಬಂದರು. ಪಾಂಡಿತ್ಯದ ಹಂಗಿಲ್ಲದ, ಒರಟಾದ, ವೇಗದ ಸಂಗೀತ ಅದು. ‘ಪಂಕ್’ ಎಂದು ಅದಕ್ಕೆ ಹೆಸರಾಯಿತು. ಇಷ್ಟನ್ನು ನಾವೂ ಮಾಡಬಲ್ಲೆವು ಎಂದು ಗೆಳೆಯರಿಗೆ ತೋರಿತು. ಆ ತಂಡವನ್ನು ತಮ್ಮ ನಾಡಿಗೇ ಕರೆಸಿ, ಅವರಿಗಿಂತ ಮೊದಲು ತಾವು ಹಾಡಬೇಕೆಂದು ನಿಶ್ಚಯಿಸಿದರು. ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್ ಎಂಬ ದೊಡ್ಡ ಕಟ್ಟಡದ ಮಹಡಿಯಲ್ಲಿದ್ದ ಚಿಕ್ಕ ಸಭಾಂಗಣವನ್ನು ಬಾಡಿಗೆಗೆ ಹಿಡಿದರು.

ಜೂನ್ 4ರಂದು ಲಂಡನ್ನಿನವರು ಬಂದರು. ಆದರೆ ಕರೆದವರ ತಂಡವೇ ಸಿದ್ಧವಾಗಿರಲಿಲ್ಲ! ಬೇರೊಂದು ತಂಡ ಆ ಜಾಗವನ್ನು ತುಂಬಿತು. ಆತಿಥೇಯ ಶೆಲ್ಲಿ ಬಾಗಿಲಲ್ಲಿ ಟಿಕೆಟು ಮಾರುತ್ತ ಕುಳಿತ. ನೆರೆದವರು ಸುಮಾರು ನಲವತ್ತು ಮಂದಿ ಎಂಬುದು ವಾಡಿಕೆಯ ಲೆಕ್ಕ. ಆದರೆ ಆ ಸಂಜೆ ವ್ಯರ್ಥವಾಗಲಿಲ್ಲ. ಗಿಟಾರ್ ವಾದಕ ಸ್ಟೀವ್ ಡಿಗಲ್ ಅವರಿಗೆ ಜೊತೆಯಾದದ್ದು ಅಲ್ಲಿಯೇ. ಡ್ರಮ್ ಬಾರಿಸಲು ಹದಿನಾರರ ಹುಡುಗ ಜಾನ್ ಮಾಹರ್ ದೊರೆತ. ಜುಲೈ 20ರಂದು ಪಿಸ್ಟಲ್ಸ್ ತಂಡ ಅದೇ ಸಭಾಂಗಣಕ್ಕೆ ಮರಳಿ ಬಂದಾಗ ಈ ನಾಲ್ವರೂ ಅವರಿಗಿಂತ ಮೊದಲು ವೇದಿಕೆಯನ್ನೇರಿದರು. ಆರು ವಾರಗಳ ಹಿಂದೆ ಬಾಗಿಲು ಕಾದವನು ಈಗ ದೀಪದ ಬೆಳಕಿನಲ್ಲಿ ನಿಂತಿದ್ದ.

ಆ ದಿನ ಅವರು ಹೇಗೆ ಹಾಡಿದರು ಎಂಬುದಕ್ಕಿಂತ ಆ ಬಳಿಕ ಏನು ಮಾಡಿದರು ಎಂಬುದು ಮುಖ್ಯ. ಸಾಮಾನ್ಯವಾಗಿ ಹೊಸ ತಂಡ ಯಾವುದಾದರೂ ದೊಡ್ಡ ಕಂಪನಿಯ ಕರೆಗಾಗಿ ಕಾದು ಕೂರುತ್ತದೆ. ಇವರು ಕಾಯಲಿಲ್ಲ. ಸಭಾಂಗಣವನ್ನು ತಾವೇ ಹಿಡಿಯಬಹುದಾದರೆ ಧ್ವನಿಮುದ್ರಿಕೆಯನ್ನೂ ತಾವೇ ತರಬಹುದಲ್ಲವೇ? ಮನೆಯವರಿಂದ, ಗೆಳೆಯರಿಂದ ಸುಮಾರು 500 ಪೌಂಡು ಸಾಲ ತಂದರು. ಡಿಸೆಂಬರ್ 28ರಂದು ಒಂದೇ ದಿನದಲ್ಲಿ ನಾಲ್ಕು ಹಾಡುಗಳನ್ನು ಮುದ್ರಿಸಿದರು. 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಆ ಮುದ್ರಿಕೆ ಅವರದೇ ‘ನ್ಯೂ ಹಾರ್ಮೋನ್ಸ್’ ಹೆಸರಿನಲ್ಲಿ ಹೊರಬಿತ್ತು. ಯಾವ ಹಾಡನ್ನು ಎಷ್ಟನೆಯ ಸಲಕ್ಕೆ ಮುದ್ರಿಸಿದ್ದು ಎಂಬುದನ್ನು ಹೊದಿಕೆಯ ಮೇಲೆಯೇ ಬರೆದಿದ್ದರು. ಕಸುಬಿನಲ್ಲಿ ಗುಟ್ಟೇನೂ ಇಲ್ಲ ಎಂದು ಸಾರುವಂತೆ. ಮೊದಲು ಅಚ್ಚಾದದ್ದು 1000 ಪ್ರತಿ. ಕೊನೆಗೆ ಮಾರಾಟವಾದದ್ದು ಸುಮಾರು 16,000.

ಸಣ್ಣ ಕಂಪನಿಗಳು ಹಿಂದೆಯೂ ಇದ್ದವು, ನಿಜ. ಆದರೆ ಹಾಡುವವರೇ ಪ್ರಕಾಶಕರೂ ಆಗಬಹುದೆಂಬ ನಂಬಿಕೆ ಇಂಗ್ಲೆಂಡಿನ ಎಳೆಯರಲ್ಲಿ ಬೇರುಬಿಡಲು ಈ ಮುದ್ರಿಕೆ ಬಹುಮಟ್ಟಿಗೆ ಕಾರಣವಾಯಿತು. ಸ್ವತಂತ್ರ ಎಂಬರ್ಥದ ‘ಇಂಡಿ’ ಸಂಗೀತದ ಬೆಳವಣಿಗೆಯನ್ನು ಬರೆಯುವವರು ಇದನ್ನು ಮರೆಯುವುದಿಲ್ಲ. ಆದರೂ ಸ್ವಾತಂತ್ರ್ಯ ಸುಲಭವಾಗಿ ಉಳಿಯುವುದಿಲ್ಲ. ಡೆವೋಟೊ ಅಷ್ಟರಲ್ಲೇ ತಂಡವನ್ನು ಬಿಟ್ಟ. ಆ ವರ್ಷವೇ ಉಳಿದವರು ದೊಡ್ಡ ಕಂಪನಿಯೊಂದರ ಒಪ್ಪಂದಕ್ಕೆ ರುಜು ಹಾಕಿದರು.

ಆದರೆ ದೀಪದಿಂದ ದೀಪ ಹೊತ್ತಿಯಾಗಿತ್ತು. ಆ ಜೂನ್ ಸಂಜೆಯ ಸಣ್ಣ ಸಭೆಯಲ್ಲಿ ಪೀಟರ್ ಹುಕ್, ಬರ್ನಾರ್ಡ್ ಸಮ್ನರ್ ಎಂಬ ಗೆಳೆಯರಿದ್ದರು. ಮಾರನೆಯ ದಿನವೇ ಹುಕ್ ಒಂದು ಬೇಸ್ ಗಿಟಾರ್ ಕೊಂಡ. ಮುಂದೆ ‘ಜಾಯ್ ಡಿವಿಷನ್’ ಎಂದು ಹೆಸರಾದ ಅವರ ತಂಡ 1977ರ ಮೇ 29ರಂದು ಮೊಟ್ಟಮೊದಲು ವೇದಿಕೆಯೇರಿತು. ಅಂದಿನ ಪ್ರಧಾನ ತಂಡ ಯಾವುದೆಂದು ಬಲ್ಲಿರಾ? ಬಜ್‌ಕಾಕ್ಸ್. ಹತ್ತು ತಿಂಗಳ ಹಿಂದೆ ಅನ್ಯರ ಸಭೆಗೆ ಮೊದಲು ಹಾಡಿದವರು ಈಗ ತಮ್ಮ ಸಭೆಯನ್ನು ಹೊಸಬರಿಗೆ ಬಿಟ್ಟುಕೊಟ್ಟಿದ್ದರು. ಪೂರ್ವರಂಗದಲ್ಲಿ ಕುಣಿದವನಿಗೆ ದೊರೆಯುವುದು ಚಪ್ಪಾಳೆಯಲ್ಲ, ‘ನಾನೂ ಮಾಡಬಲ್ಲೆ’ ಎಂಬ ಧೈರ್ಯ; ಅದನ್ನು ಇನ್ನೊಬ್ಬನಿಗೆ ದಾಟಿಸಿದಾಗಲೇ ಅವನ ಋಣ ತೀರುವುದು.